ನೀಲಿ ಕಾರಿಗೆ ಒಂಬತ್ತನೇ ಸ್ಥಾನ

ಆಲ್ಮೆರೆ, ನೆದರ್‌ಲ್ಯಾಂಡ್ಸ್
೨೦ ಜುಲೈ ೨೦೨೦, ಸೋಮವಾರ

ಪ್ರೀತಿಯ ಮಗಳು ಪ್ರಜ್ಞಾಳಿಗೆ,

ಅಮ್ಮನ ಮುದ್ದು. ನಿನ್ನ ಬೆನ್ನುನೋವು ಹೇಗಿದೆ? ಅಪ್ಪನನ್ನು ಮಂಚದಿಂದ ಎಬ್ಬಿಸುವಾಗ ಒಬ್ಬಳೇ ಎತ್ತಬೇಡ, ಪಕ್ಕದ ಮನೆಯ ಪ್ರಹ್ಲಾದಣ್ಣನನ್ನು ಕರೆ ಎಂದು ಬಾಯಿ ನೋಯುವಷ್ಟು ಸಲ ಹೇಳಿದ್ದೇನೆ. ನೀನು ಕರೆಯುವುದಿಲ್ಲ ಎಂದೂ ಗೊತ್ತು. ವಾಕರ್ ಹಿಡಿದು ಗೇಟಿನವರೆಗೆ ಹೋಗಿಬಂದೆ ಎಂದು ನಿನ್ನ ಅಪ್ಪ ಮೊನ್ನೆ ಫೋನಿನಲ್ಲಿ ಒಲಿಂಪಿಕ್ಸ್ ಗೆದ್ದವರ ಹಾಗೆ ಹೇಳಿಕೊಂಡರು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರಿಗೆ ಮೂರು ತಿಂಗಳಲ್ಲಿ ಅಷ್ಟಾದದ್ದೇ ದೊಡ್ಡದು. ಅದರ ಹಿಂದೆ ಯಾರ ರಟ್ಟೆ ಇದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಸಕ್ಕರೆ ಹದದಲ್ಲಿದೆ. ನಿನ್ನ ಅಣ್ಣ ಸುಶಾಂತನ ಕಾಲು ಪೂರ್ತಿ ಸರಿಹೋಗಿದೆ, ಅವನನ್ನು ಬೀಳಿಸಿದ ಅದೇ ಸೈಕಲ್ ಮೇಲೆ ಮತ್ತೆ ಮೆರೆಯುತ್ತಿದ್ದಾನೆ.

ದಿನಾ ಫೋನ್ ಮಾಡುವವಳು ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲಿ ಮಾತಾಡಲು ನಿನ್ನ ಅಪ್ಪ ಎಲ್ಲಿ ಬಿಡುತ್ತಾರೆ? ಸ್ಪೀಕರ್ ಹಾಕಿ ಮಧ್ಯದಲ್ಲಿ ಕೂತುಬಿಡುತ್ತಾರೆ. ಅದೂ ಅಲ್ಲದೆ ನಾನು ಏನು ಕೇಳಿದರೂ ನೀನು ‘ನಾನಿದ್ದೇನಲ್ಲಾ ಅಮ್ಮಾ’ ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತೀ. ಕಾಗದಕ್ಕಾದರೆ ಅಡ್ಡ ಬಾಯಿ ಹಾಕಲು ಆಗುವುದಿಲ್ಲ. ನಮ್ಮ ತುಳುವಿನಲ್ಲಿ ಜಗಳ ಆಡಲು ಚೆನ್ನಾಗಿ ಬರುತ್ತದೆ, ಬರೆಯಲು ಕೂತರೆ ಕೈಗೆ ಕನ್ನಡವೇ ಬರುತ್ತದೆ. ಇವತ್ತು ಜಗಳ ಆಡುವ ಮನಸ್ಸೂ ಇಲ್ಲ.

ನಿನ್ನೆ ನಿನ್ನ ಅಣ್ಣನ ತಂಡದ ರೇಸ್ ಇತ್ತು. ಅದರ ಸುದ್ದಿಯನ್ನು ಸರಿಯಾಗಿ ಹೇಳಬೇಕು, ಯಾಕೆಂದರೆ ರಾತ್ರಿಯಿಡೀ ನನಗೆ ನಿದ್ದೆ ಬಾರದಿದ್ದದ್ದು ಅದರಿಂದಲೇ. ಅವನ ಕೆಲಸ ಏನೆಂದು ನಾನು ಇಷ್ಟು ವರ್ಷ ಊರಿನಲ್ಲಿ ‘ಕಾರಿನ ಕಂಪೆನಿ’ ಎಂದು ಹೇಳಿ ಮುಗಿಸುತ್ತಿದ್ದೆ. ಈಗ ಗೊತ್ತಾಯಿತು. ರೇಸಿನ ಮಧ್ಯದಲ್ಲಿ ಕಾರು ಯಾವಾಗ ಒಳಗೆ ಬಂದು ಟಯರ್ ಬದಲಾಯಿಸಬೇಕು, ಯಾವಾಗ ಬರಬಾರದು ಎಂದು ಲೆಕ್ಕ ಹಾಕಿ ಹೇಳುವವನು ಇವನು. ಮೊದಲಾದರೆ ರೇಸ್ ನಡೆಯುವ ಊರಿಗೇ ಹೋಗುತ್ತಿದ್ದನಂತೆ. ಈ ಕೊರೋನಾದಿಂದ ಅಲ್ಲಿಗೆ ಬೆರಳೆಣಿಕೆಯ ಜನ ಮಾತ್ರ. ಹಾಗಾಗಿ ಕಾರುಗಳು ಎಲ್ಲೋ ಬೆಲ್ಜಿಯಮ್ಮಿನಲ್ಲಿ ಓಡುತ್ತವೆ, ಇವನು ಇಲ್ಲಿ ಊಟದ ಮೇಜಿನ ಮೇಲೆ ಮೂರು ಪರದೆ ಇಟ್ಟುಕೊಂಡು, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂರುತ್ತಾನೆ. ಮೇಲೆ ತಂಡದ ಹೆಸರಿನ ಅಂಗಿ, ಕೆಳಗೆ ಲುಂಗಿ. ಆ ಹೊತ್ತಿನಲ್ಲಿ ನಾನು ಕೆಮ್ಮುವಂತಿಲ್ಲ.

ಆದರೆ ಬಂಗುಡೆ ಕಾಯುತ್ತದೆಯೇ? ಶನಿವಾರದ ಸಂತೆಯಲ್ಲಿ ಒಳ್ಳೆಯ ಬಂಗುಡೆ ಸಿಕ್ಕಿತ್ತು, ಇಲ್ಲಿ ಮಕ್ರೀಲ್ ಎನ್ನುತ್ತಾರೆ. ರೇಸ್ ಅರ್ಧವಾಗಿದೆ, ಅವನೂ ಸುಮ್ಮನೆ ನೋಡುತ್ತಾ ಕೂತಿದ್ದಾನೆ ಎಂದುಕೊಂಡು ಮಸಾಲೆಗೆ ಮಿಕ್ಸಿ ಹಾಕಿದೆ. ಅವನ ಮೈಕ್ ತೆರೆದಿತ್ತು. ಒಣಮೆಣಸು, ತೆಂಗಿನತುರಿ ಅರೆಯುವ ಆ ಕರ್ಕಶ ಸದ್ದು ನೇರವಾಗಿ ಬೆಲ್ಜಿಯಮ್ಮಿಗೆ ಹೋಯಿತು. ಅಲ್ಲಿನ ಮುಖ್ಯಸ್ಥ ಗಾಬರಿಯಾಗಿ, ಯಾವ ಕಾರಿನ ಗೇರ್‌ಬಾಕ್ಸ್ ಹೋಯಿತು ಎಂದು ಕೇಳಿದನಂತೆ. ಸುಶಾಂತ ನನ್ನ ಕಡೆ ತಿರುಗಿ ಎರಡೂ ಕೈ ಮುಗಿದ. ಆಮೇಲೆ ಅವರಿಗೆಲ್ಲ ಅದು ತನ್ನ ತಾಯಿಯ ಮೀನುಸಾರು ಎಂದು ಬಿಡಿಸಿ ಹೇಳಿದನಂತೆ, ತಂಡದವರೆಲ್ಲ ನಕ್ಕರಂತೆ. ಪ್ರಾಯಶ್ಚಿತ್ತಕ್ಕೆ ನಾನು ಒಲೆ ಆರಿಸಿ ಬಂದು ಅವನ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಹಾಗೆ ಕೂತದ್ದರಿಂದಲೇ ಉಳಿದದ್ದನ್ನು ಪೂರ್ತಿ ನೋಡಿದೆ.

ಇವನ ತಂಡಕ್ಕೆ ಎರಡು ಕಾರು, ಒಂದು ನೀಲಿ, ಒಂದು ಹಳದಿ. ನೀಲಿ ಕಾರು ಓಡಿಸುವವಳು ಫೆಮ್ಕೆ ಎಂಬ ಹುಡುಗಿ, ನಿನ್ನದೇ ಪ್ರಾಯ. ಅವಳು ಎಲ್ಲರಿಗಿಂತ ಮುಂದಿದ್ದಳು. ಅವಳ ಹಿಂದೆ ಬೇರೆ ತಂಡದ ಕೆಂಪು ಕಾರು, ಅದರ ಹಿಂದೆ ನಮ್ಮ ಹಳದಿ. ಆದರೆ ಈ ವರ್ಷ ಹೆಚ್ಚು ಅಂಕ ಇರುವುದು ಹಳದಿ ಕಾರಿನವನಿಗೆ. ಹಾಗಾಗಿ ಅವನು ಗೆದ್ದರೆ ತಂಡಕ್ಕೆ ಲಾಭ. ಇವರು ಮಾಡಿದ್ದೇನೆಂದರೆ, ಹಳದಿ ಕಾರನ್ನು ಮೊದಲು ಒಳಗೆ ಕರೆದರು. ನಾನು ಸೂಜಿಗೆ ನೂಲು ಪೋಣಿಸುವಷ್ಟರಲ್ಲಿ ನಾಲ್ಕು ಟಯರೂ ಬದಲಾಗಿ ಅದು ಹೊರಗಿತ್ತು. ಹೊಸ ಟಯರಿನಲ್ಲಿ ಅದು ಹಾರಿತು. ಅದು ಸಾಕಷ್ಟು ಸಮಯ ಗಳಿಸುವವರೆಗೆ ಕೆಂಪು ಕಾರು ಮುಂದೆ ಹೋಗದಂತೆ ತಡೆಯುವ ಕೆಲಸ ಫೆಮ್ಕೆಗೆ. ಸವೆದ ಟಯರಿನಲ್ಲಿ, ತಿರುವುಗಳಲ್ಲಿ ಬೇಕೆಂದೇ ನಿಧಾನ ಮಾಡುತ್ತಾ, ದಾರಿಗೆ ಅಡ್ಡವಾಗಿಯೇ ಉಳಿಯಬೇಕು. ಟಯರ್ ಹೋಯಿತು, ಒಳಗೆ ಬರಲೇ ಎಂದು ಅವಳು ಕೇಳಿದಾಗೆಲ್ಲ ನಿನ್ನ ಅಣ್ಣ ತಣ್ಣಗಿನ ದನಿಯಲ್ಲಿ ಇನ್ನೊಂದು ಸುತ್ತು ಎನ್ನುತ್ತಿದ್ದ. ಅವಳು ಸರಿ ಎನ್ನುತ್ತಿದ್ದಳು. ಮತ್ತೆ ಇನ್ನೊಂದು ಸುತ್ತು. ಕಾರು ತಿರುವಿನಲ್ಲಿ ಎಣ್ಣೆ ಮೇಲೆ ಕಾಲಿಟ್ಟಂತೆ ಜಾರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು.

ಲೆಕ್ಕ ಸರಿಯಾಯಿತು. ಕೆಂಪು ಕಾರು ಟಯರ್ ಹಾಕಿಸಿಕೊಂಡು ಹೊರಬರುವಾಗ ನಮ್ಮ ಹಳದಿ ಎಷ್ಟೋ ಮುಂದೆ ಹೋಗಿತ್ತು. ಹಳದಿಗೆ ಮೊದಲ ಸ್ಥಾನ. ಫೆಮ್ಕೆಯನ್ನು ಒಳಗೆ ಕರೆದದ್ದು ಎಲ್ಲರಿಗಿಂತ ಕೊನೆಗೆ, ಅವಳ ಕೆಲಸ ಮುಗಿದ ಮೇಲೆ. ಮೊದಲನೆಯವಳಾಗಿದ್ದವಳು ಒಂಬತ್ತನೆಯವಳಾಗಿ ಮುಗಿಸಿದಳು. ಸುಶಾಂತ ಎದ್ದು ನನ್ನನ್ನು ತಬ್ಬಿಕೊಂಡು ಲುಂಗಿಯಲ್ಲೇ ಕುಣಿದ. ಆಮೇಲೆ ಪರದೆಯ ಮೇಲೆ ಎಲ್ಲರ ಮುಖಗಳು ಬಂದವು, ಒಬ್ಬೊಬ್ಬರೂ ತಾವು ತಾವು ಇದ್ದಲ್ಲಿಂದಲೇ ಗ್ಲಾಸು ಎತ್ತಿದರು. ಮೂಲೆಯ ಒಂದು ಚೌಕದಲ್ಲಿ ಕೂದಲು ಬೆವರಿಗೆ ಅಂಟಿದ ಹುಡುಗಿಯೊಬ್ಬಳು, ಅವಳೇ ಫೆಮ್ಕೆ, ಎಲ್ಲರೊಂದಿಗೆ ಚಪ್ಪಾಳೆ ತಟ್ಟುತ್ತಿದ್ದಳು. ನಗುತ್ತಲೇ ಇದ್ದಳು. ಫೋನಿನಲ್ಲಿ ನೀನು ನಗುತ್ತೀಯಲ್ಲ, ಅದೇ ನಗು.

ಊಟಕ್ಕೆ ಕೂತಾಗ ಸುಶಾಂತನನ್ನು ಕೇಳಿದೆ, ಆ ಹುಡುಗಿಗೆ ನೀವು ಏನು ಕೊಡುತ್ತೀರಿ ಎಂದು. ಇದು ಟೀಮ್ ಗೇಮ್ ಅಮ್ಮಾ ಎಂದ. ಮುಂದಿನ ಸಲ ಅವಳಿಗೆ ಚಾನ್ಸ್ ಇರುತ್ತದೆ ಎಂದ. ಕಳೆದ ಸಲ ಏನು ಹೇಳಿದ್ದೆ ಎಂದು ಕೇಳಿದೆ. ಅವನು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸತೊಡಗಿದ. ಆಗ ನನ್ನ ಬಾಯಿಂದ ಬಂದೇಬಿಟ್ಟಿತು:

‘ಪ್ರಜ್ಞಾಳಿಗೂ ನಾವು ಹೀಗೇ ಅಲ್ವನಾ ಹೇಳ್ತಾ ಬಂದದ್ದು? ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅಂತ?’

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಸ್ವಲ್ಪ ಹೊತ್ತಿನ ಮೇಲೆ ಬಾಲ್ಕನಿಯಿಂದ ಬಂದು, ‘ಅವಳು ಒಂದು ಸಲವೂ ಕೇಳ್ಲಿಲ್ಲ ಅಮ್ಮಾ, ಅದಕ್ಕೇ ನಾನು ಮರೆತದ್ದು’ ಎಂದ. ಅವನ ಕಣ್ಣು ಕೆಂಪಾಗಿತ್ತು. ಬೈಯಬೇಡ ಅವನನ್ನು, ಮನಸ್ಸು ಒಳ್ಳೆಯದು, ತಲೆಯಲ್ಲಿ ಮಾತ್ರ ಸದಾ ಟಯರ್.

ಮಗಳೇ, ನಾನು ಫೆಬ್ರವರಿಯಲ್ಲಿ ಬಂದದ್ದು ಇವನ ಕಾಲಿಗೆ ಪ್ಲಾಸ್ಟರ್ ಇರುವಷ್ಟು ದಿನ ಅನ್ನ ಬೇಯಿಸಿ ಹಾಕಲು. ವಿಮಾನ ನಿಂತಾಗ ಯಾರ ತಪ್ಪೂ ಇರಲಿಲ್ಲ. ಅಪ್ಪ ಬಿದ್ದಾಗ ನಾನು ಇಲ್ಲಿ ಗೋಡೆಗೆ ತಲೆ ಚಚ್ಚಿಕೊಂಡೆ. ಆದರೆ ಆಮೇಲೆ ವಿಶೇಷ ವಿಮಾನಗಳು ಶುರುವಾದವಲ್ಲ, ಆಗ ಏನಾಯಿತು? ಅಮ್ಮನಿಗೆ ಸಕ್ಕರೆ ಇದೆ, ಉಬ್ಬಸ ಇದೆ, ಅಪಾಯ ಎಂದ ಸುಶಾಂತ. ನೀನು ಅಲ್ಲೇ ಕ್ಷೇಮವಾಗಿರು ಎಂದರು ನಿನ್ನ ಅಪ್ಪ. ನಾನಿದ್ದೇನಲ್ಲಾ ಎಂದೆ ನೀನು. ನಾನೂ ಹೂಂ ಎಂದೆ. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆ ಒಳ್ಳೆಯದನ್ನೆಲ್ಲ ಹೊತ್ತವಳು ನೀನೊಬ್ಬಳೇ. ಫಿಶರೀಸ್ ಕಾಲೇಜಿಗೆ ಮೊದಲನೆಯವಳಾಗಿ ಪಾಸಾಗಿ, ಸ್ಕಾಲರ್‌ಶಿಪ್ ಸಮೇತ ಇಲ್ಲಿಯ ವಾಗೆನಿಂಗೆನ್ ವಿಶ್ವವಿದ್ಯಾಲಯದಲ್ಲಿ ಸೀಟು ಪಡೆದವಳು, ಅಪ್ಪನ ಬೆಡ್‌ಪ್ಯಾನ್ ತೊಳೆಯುತ್ತಾ ಆ ಸೀಟಿನ ಹೆಸರೂ ಎತ್ತಲಿಲ್ಲ. ಗುರುವಾರ ಮಾತ್ರ, ಕರೆಂಟ್ ಬಿಲ್ ಕಟ್ಟಿದೆ ಎನ್ನುವಷ್ಟು ಸಲೀಸಾಗಿ, ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕಂತೆ, ಬರುವುದಿಲ್ಲ ಎಂದು ಬರೆದುಬಿಡುತ್ತೇನೆ ಎಂದೆ ನೀನು. ನಾನು ಆಗಲೂ ಬೆಂಡೆಕಾಯಿಯ ಸುದ್ದಿ ಮಾತಾಡಿದೆ. ಆ ಮಾತು ಈಗ ನನ್ನನ್ನು ಸುಡುತ್ತಿದೆ.

ಪಂದ್ಯವಾದರೆ ಯಾರೋ ಒಬ್ಬರು ದಾರಿ ಕಾಯಬೇಕಾಗಬಹುದು, ಅದು ನನಗೆ ಗೊತ್ತಿಲ್ಲದ ವಿದ್ಯೆ. ಮನೆಯಲ್ಲಿ ಮಾತ್ರ ಪ್ರತಿ ಸಲವೂ ಒಬ್ಬಳೇ ಕಾಯುವುದು ನ್ಯಾಯವಲ್ಲ. ನೀನು ನಗುತ್ತೀ ಎಂದ ಮಾತ್ರಕ್ಕೆ ನಿನಗೆ ನೋವಿಲ್ಲ ಎಂದು ತಿಳಿದುಕೊಂಡೆವಲ್ಲ, ಮೂವರೂ ಸೇರಿ. ನಿನ್ನನ್ನು ನೆನೆದರೆ ಹೆಮ್ಮೆಯೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ. ಆ ಉತ್ತರವನ್ನು ಇನ್ನೂ ಬರೆಯಬೇಡ. ನಿನ್ನ ಅಣ್ಣ ಈಗ ಮತ್ತೆ ಕಂಪ್ಯೂಟರಿನ ಮುಂದೆ ಕೂತು ಏನೋ ಹುಡುಕುತ್ತಿದ್ದಾನೆ, ಇವತ್ತು ರೇಸ್ ಇಲ್ಲ.

ಅಪ್ಪನಿಗೆ ಬಿಸಿನೀರಿನ ಶಾಖ ಬಿಡಬೇಡ, ನಿನ್ನ ಬೆನ್ನಿಗೂ ಸ್ವಲ್ಪ ಕೊಟ್ಟುಕೋ. ಪ್ರಹ್ಲಾದಣ್ಣನ ಮನೆಯವರಿಗೆ ನನ್ನ ನೆನಪು ಹೇಳು. ದೇವರು ನಿನ್ನನ್ನು ತಂಪಾಗಿಟ್ಟಿರಲಿ, ನಿನ್ನ ತಲೆಗೆ ನನ್ನ ಕೈ.

ನಿನ್ನ ಅಮ್ಮ,
ಹರಿಣಾಕ್ಷಿ

ಮರೆತ ಮಾತು: ಲಕೋಟೆಯ ಮೇಲೆ ನಮ್ಮ ದೇಶದ್ದೇ ಅಂಚೆಚೀಟಿ ಇರುವುದನ್ನು ನೀನು ಗಮನಿಸಿರಲಿಕ್ಕಿಲ್ಲ. ಇವತ್ತು ಶನಿವಾರ, ನಾನು ಬೆಂಗಳೂರಿನ ಕ್ವಾರಂಟೈನ್ ಹೋಟೆಲಿನಲ್ಲಿದ್ದೇನೆ. ಸುಶಾಂತ ಹುಡುಕುತ್ತಿದ್ದದ್ದು ಇದನ್ನೇ, ಗುರುವಾರದ ವಿಮಾನದಲ್ಲಿ ಒಂದು ಸೀಟು ಸಿಕ್ಕಿತು. ಒಬ್ಬಳೇ ಬಂದೆ, ಮಾಸ್ಕ್ ಮೇಲೆ ಮಾಸ್ಕ್ ಹಾಕಿಕೊಂಡು, ಏನೂ ಆಗಲಿಲ್ಲ. ಇಲ್ಲಿಗೆ ಬಂದ ಮೇಲೂ ಆಲ್ಮೆರೆಯಲ್ಲೇ ಇದ್ದ ಹಾಗೆ ನಿನ್ನ ಜೊತೆ ಫೋನಿನಲ್ಲಿ ಮಾತಾಡಿದೆ, ಮೊದಲೇ ಹೇಳಿದ್ದರೆ ನೀನು ಬೇಡ ಎಂದು ತಡೆಯುತ್ತಿದ್ದೆ. ಇಲ್ಲಿಯ ವಾಸ ಮುಗಿಸಿ ಮನೆಗೆ ಬಂದರೂ ಒಂದು ವಾರ ಮೇಲಿನ ಕೋಣೆಯಲ್ಲೇ ಇರಬೇಕಂತೆ, ಅದನ್ನು ಗುಡಿಸಿಡು. ಆಮೇಲೆ ಅಪ್ಪ ನನ್ನ ಪಾಲಿಗೆ, ಎತ್ತುವುದಕ್ಕೂ, ಬೈಯುವುದಕ್ಕೂ. ಇದನ್ನು ಓದಿ ಮುಗಿಸಿದ ಕೂಡಲೇ ವಾಗೆನಿಂಗೆನ್‌ಗೆ ಬರುತ್ತೇನೆ ಎಂದು ಬರೆ, ನಾನು ಬರುವವರೆಗೆ ಕಾಯಬೇಡ. ಅಲ್ಲಿ ಸೆಪ್ಟೆಂಬರಿನಲ್ಲೇ ಚಳಿ ಹಿಡಿಯುತ್ತದೆ. ನನ್ನ ಉಣ್ಣೆಯ ಕೋಟನ್ನು ಅಣ್ಣನ ಮನೆಯ ಬಾಗಿಲ ಹಿಂದೆ ನೇತುಹಾಕಿ ಬಂದಿದ್ದೇನೆ, ತೋಳು ನಿನ್ನ ಅಳತೆಗೆ ಬಿಚ್ಚಿ ಹೊಲಿದಿದ್ದೇನೆ.