ಕಣ್ಣಳತೆ

ಫೆಬ್ರವರಿ 6, ಬೆಳಿಗ್ಗೆ

ಕಣ್ಣಿಗೆ ಹನಿ ಹಾಕಿ ಆಯಿತು. ಎಡಗಣ್ಣಿನ ಮಂಜು ಹಾಗೇ ಇದೆ, ಬಲಗಣ್ಣೂ ಅದರ ದಾರಿ ಹಿಡಿದಿದೆ. ಹಡಗು ಕಟ್ಟಿಸುತ್ತಿರುವ ಹಾಜಿಯವರಿಗೆ ಗೊತ್ತಾದರೆ ಮುಗಿಯಿತು – ಹಡಗು ಬೇರೆ ಮೇಸ್ತ್ರಿಯ ಕೈಗೆ. ಬೇಪೂರಿನಲ್ಲಿ ನಕ್ಷೆ ಇಟ್ಟುಕೊಂಡು ಹಡಗು ಕಟ್ಟಿದವರುಂಟೇ? ಎಲ್ಲ ಕಣ್ಣಳತೆ.

ಹಾಜಿಯವರ ಫೋನ್. ಹೊಸ ಅಳಿಯ ಜಂಶೀರನಿಗೆ ನಾಳೆ ಊರು ತೋರಿಸಬೇಕಂತೆ. ನಾನೇ ಏಕೆ? ಊರಲ್ಲಿ ಆಟೋದವರಿಲ್ಲವೇ?

ಫೆಬ್ರವರಿ 7, ಸಂಜೆ 6

ಅಳಿಯನಲ್ಲ, ಗೂಢಚಾರ. ಬೆಳಿಗ್ಗೆ ನೇರ ಹಡಗಿನ ಹತ್ತಿರವೇ ಬಂದ. ನಾನು ಹಲಗೆಗೆ ಕೊಯ್ಯುವ ಗೆರೆ ಹಾಕುವುದನ್ನು ಕಣ್ಣು ಮಿಟುಕಿಸದೆ ನೋಡಿದ. ನಾನು ಊಟಕ್ಕೆ ಮನೆಗೆ ಹೋದೆ, ಅವನು ಅಲ್ಲೇ ಕೂತ.

ಮಧ್ಯಾಹ್ನದ ಮೇಲೆ ತಿರುಗಾಟ. ಲೈಟ್‌ಹೌಸಿನ ದಾರಿಯಲ್ಲಿ, "ಆ ಬೋರ್ಡಲ್ಲಿ ಏನು ಬರ್ದಿದೆ ಮೇಸ್ತ್ರಿಯೇಟ್ಟಾ?" ಶಾರ್ಜಾದಲ್ಲಿ ಬೆಳೆದವನು, ಮಲಯಾಳ ಓದಲು ಬಾರದಂತೆ. ನಂಬಬೇಕು.

"ಉಗುಳಬೇಡಿ ಅಂತ."

"ಮತ್ತೆ ಫೋಟೋದಲ್ಲಿರೋರು ಯಾರು? ಉಗುಳಿದವ್ರಾ?"

ಚುನಾವಣೆಯ ಬೋರ್ಡು. ಹಾಳಾಗಿ ಹೋಗಲಿ.

ಹೊಳೆಬಾಯಿಯ ಕಲ್ಲುಕಟ್ಟೆಯ ಮೇಲೆ – "ಅಗೋ, ಡಾಲ್ಫಿನ್. ಎಷ್ಟಿವೆ?"

"ಮೂರು."

"ನಂಗೆ ಒಂದೇ ಕಾಣ್ತು."

"ಉಳಿದವು ಮುಳುಗಿದ್ವು."

ನಕ್ಕ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ ನನಗೆ. ಕೊನೆಗೆ ಚಾಲಿಯಂ ದೋಣಿಕಟ್ಟೆಯಲ್ಲಿ ಸುಲೈಮಾನಿ ಚಹಾ ಕುಡಿಯುವಾಗ ಕೇಳಿದ.

"ನೀವು ಊಟಕ್ಕೆ ಹೋದ್ಮೇಲೆ ಅಲವಿಕ್ಕ ನಿಮ್ಮ ಗೆರೆ ಎಲ್ಲ ಒರೆಸಿ ಬೇರೆ ಹಾಕಿದ್ರು. ಅದು ಇಲ್ಲಿಯ ಶಾಸ್ತ್ರಾನಾ?"

"ಹೌದು, ಶಾಸ್ತ್ರ" ಅಂದೆ. ಉಳಿದ ಚಹಾ ಚೆಲ್ಲಿ ಎದ್ದೆ.

ಅಲವಿ! ಇಪ್ಪತ್ತು ವರ್ಷ ನನ್ನ ಜೊತೆಗೇ ಉಳಿ ಹಿಡಿದವನು. ಮೇಸ್ತ್ರಿಯಾಗುವ ಆಸೆ ಇದ್ದರೆ ಬಾಯಿಬಿಟ್ಟು ಕೇಳಬಹುದಿತ್ತು.

ಫೆಬ್ರವರಿ 8

ಕೆಲಸಕ್ಕೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ.

ಫೆಬ್ರವರಿ 11, ಮಧ್ಯಾಹ್ನ 3

ಇವತ್ತು ಹೋದೆ. ಗೆರೆ ಹಾಕಿ, ಊಟಕ್ಕೆಂದು ಹೊರಟವನು ಮರದ ರಾಶಿಯ ಹಿಂದೆ ನಿಂತೆ. ಅಲವಿ ಬಂದ. ಕೈಯಲ್ಲಿ ಒದ್ದೆ ಬಟ್ಟೆ.

"ನನ್ನ ಜಾಗ ಬೇಕೇನೋ ನಿಂಗೆ?"

ಬೆಚ್ಚಲಿಲ್ಲ. ಒರೆಸುವುದನ್ನೂ ನಿಲ್ಲಿಸಲಿಲ್ಲ.

"ಜಾಗ ಬೇಕಿದ್ರೆ ಯಾಕೆ ಒರೆಸ್ಲಿ? ನೀವು ಗೆರೆ ಹಾಕಿದ ಹಾಗೇ ಕೊಯ್ಸಿಬಿಡ್ತಿದ್ದೆ."

"ಯಾವಾಗಿಂದ?"

"ಓಣಂ ಕಳೆದಾಗಿಂದ. ಹಾಜಿಯಾರಿಗೆ ಗೊತ್ತಿಲ್ಲ, ಹೆದರ್ಬೇಡಿ."

ನಿಂತಲ್ಲಿಂದಲೇ ಕೇಳಿದೆ – ಈ ತಿಂಗಳು ನಾನು ಹಾಕಿದ್ದರಲ್ಲಿ ಸರಿಯಾಗಿದ್ದದ್ದು ಎಷ್ಟು?

ಬೆರಳೆತ್ತಿ ತೋರಿಸಿದ. ಎರಡೋ, ಮೂರೋ... ನಾನು ನೋಡುತ್ತಲೇ ಇದ್ದೆ, ಅವನು ಕೈ ಇಳಿಸದೆ, ನನಗೆ ಕಾಣುವಷ್ಟು ಹತ್ತಿರ ನಡೆದು ಬಂದ.