ಸೌದೆಯ ಹಿಂದಿನ ಬಾಗಿಲು

ಅತ್ತೆ,

ನೀವು ಹೋದ ಮೇಲೂ ನಿಮಗೆ ವರದಿ ಒಪ್ಪಿಸುವ ಅಭ್ಯಾಸ ಹೋಗಿಲ್ಲ. ಇದು ತಲುಪುವುದಿಲ್ಲ, ಗೊತ್ತು. ತಲುಪಿದ್ದರೆ ಕಾಗೆಕಾಲು ಗುಬ್ಬಿಕಾಲು ಅಕ್ಷರ ಎಂದು ಬೈಯುತ್ತಿದ್ದಿರಿ.

ನೆರೆ ಬಂದರೆ ಓಡಿಹೋಗಲೆಂದು ನೀವು ಗುಡ್ಡದ ಮೇಲೆ ಕಟ್ಟಿಸಿದ ಮನೆಯ ಬೀಗವನ್ನು ಯಾರೋ ಒಡೆದಿದ್ದರು. ನಿನ್ನೆ ಸುದ್ದಿ ತಿಳಿದು ನಿಮ್ಮ ಮಗ, ನಾನು ಏದುಸಿರು ಬಿಡುತ್ತಾ ಹತ್ತಿದೆವು. ಮುಂಬಾಗಿಲು ಹಾರುಹೊಡೆದಿತ್ತು. ಅದರ ಹಿಂದೆ ಕಲ್ಲಿನ ಗೋಡೆ! ಕಳ್ಳ ಬೇಸತ್ತು ಹಾರೆಯನ್ನೂ ಅಲ್ಲೇ ಬಿಸಾಡಿ ಹೋಗಿದ್ದ. ನಿಮ್ಮ ತಲೆಗೊಂದು ನಮಸ್ಕಾರ, ಅತ್ತೆ.

ಕಳ್ಳನಿಗಿಂತ ಹೆಚ್ಚು ಪೆಚ್ಚಾದವರು ನಿಮ್ಮ ಮಗ. ಆಪತ್ತು ಬಂದಾಗ ಮಾತ್ರ ತೆಗಿ ಎಂದು ನೀವು ಕೊಟ್ಟ ಬೀಗದಕೈಯನ್ನು ಇಷ್ಟು ವರ್ಷ ಸೊಂಟದಲ್ಲಿ ಕಾಪಾಡಿದ್ದರಲ್ಲ!

ನಾನು ಹಿಂದೆ ಹೋಗಿ, ಸೌದೆ ಸರಿಸಿ, ನಿಜವಾದ ಕಿರುಬಾಗಿಲು ತೆರೆದೆ. ಹೊದಿಕೆ, ಲಾಟೀನು, ಔಷಧಿಯ ಡಬ್ಬಿ ಎಲ್ಲವೂ ನೀವಿಟ್ಟಂತೆಯೇ ಇದ್ದವು.

"ನಿಂಗೆ ಹೇಗೆ ಗೊತ್ತು?" ಎಂದರು.

"ಅತ್ತೆ ತೋರಿಸಿದ್ರು."

"ಅಮ್ಮ ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಮ ಬಾಯಲ್ಲಿ ಎಳ್ಳು ನೆನೆಯುತ್ತಾ?"

ತಮಾಷೆಗೆ ಅಂದೆ. ಆಗಲೇ ಹೊಳೆದದ್ದು, ನೀವು ಬೇರೆ ಯಾರಿಗೂ ಹೇಳಿರಲಿಲ್ಲ ಎಂದು. ಆ ಬಾಗಿಲು ತೋರಿಸಿದ ದಿನ ಸೌದೆ ಒಟ್ಟಲು ನನ್ನೊಬ್ಬಳನ್ನೇ ಕರೆದಾಗ, ಕೂಲಿಗೆ ಸೊಸೆಯೇ ಆಗಬೇಕಿತ್ತಾ ಎಂದು ದಾರಿಯುದ್ದಕ್ಕೂ ಗೊಣಗಿದ್ದೆ. ನೀವು ಕೇಳಿಸಿಕೊಂಡೇ ಮುಂದೆ ನಡೆದಿದ್ದಿರಿ.

ಇವತ್ತು ಆ ಸುಳ್ಳು ಬಾಗಿಲಿಗೆ ಇನ್ನೂ ದೊಡ್ಡ ಬೀಗ ಹಾಕಿದೆವು. ಅದರ ಬೀಗದಕೈ ಮತ್ತೆ ನಿಮ್ಮ ಮಗನ ಸೊಂಟದಲ್ಲಿದೆ. ಸೌದೆಯನ್ನು ನಾನೊಬ್ಬಳೇ ಒಟ್ಟಿದೆ, ಅತ್ತೆ. ಗೊಣಗಲಿಲ್ಲ.