ಅಜ್ಜಿಯ ನಡಿಗೆ ಕಲಿತ ಮನೆ

ಅಕ್ಕಾ,

ನೀನು ಹೊಟ್ಟೆ ಉರಿದುಕೊಳ್ಳಬೇಕು, ಹಾಗಿದೆ ನಮ್ಮ ಮನೆ. ಕರೆಂಟ್ ಉಳಿಸಲೆಂದು ವಿಶ್ವವಿದ್ಯಾಲಯ, ನಗರಸಭೆ ಸೇರಿ ಕಟ್ಟಿದ್ದು. ನಮ್ಮ ಓಡಾಟ ಕಲಿತು, ಕಾಲಿಡುವ ಮೊದಲೇ ತಾನಾಗಿ ದೀಪ ಹಾಕುತ್ತದೆ. ಆದರೆ ಸಂಜೆ ಯಾರೂ ಇಲ್ಲದ ಹಜಾರದಲ್ಲೂ ಒಂದೊಂದೇ ದೀಪ ನಿಧಾನಕ್ಕೆ ಹೊತ್ತಿಕೊಂಡು ಅಡುಗೆಮನೆವರೆಗೆ ಬರುತ್ತದೆ.

"ಮೊದಲು ಇಲ್ಲಿದ್ದು ತೀರಿಕೊಂಡ ಅಜ್ಜಿಯ ನಡಿಗೆ ಅದು. ಅಳಿಸಿದ್ದೀನಿ ಬಿಡಿ," ಎಂದಳು ಅದನ್ನು ಸರಿಮಾಡಲು ಬಂದ ವಿಶ್ವವಿದ್ಯಾಲಯದ ಹುಡುಗಿ.

"ಅತ್ತೆ ಕಾಟ ಇಲ್ಲ ಅಂತಿದ್ದೆಯಲ್ಲ, ತಗೋ," ಎಂದು ಇವರು ನಕ್ಕರು.

ನಿನ್ನೆ ದೀಪಗಳು ಮತ್ತೆ ಬಂದವು. ಇವರು ನಗಲಿಲ್ಲ. ಇಬ್ಬರೂ ಗೋಡೆಗೊತ್ತಿ ನಿಂತು ದಾರಿ ಬಿಟ್ಟೆವು.

ನನ್ನ ನೆಗಡಿ ವಾಸಿಯಾಗಿದೆ, ಅಮ್ಮನಿಗೆ ಹೇಳು. ನಾಳೆಯಿಂದ ಒಂದು ವಾರ ಇವರಿಗೆ ಪರವೂರಲ್ಲಿ ಕೆಲಸ. ಮನೆಯಲ್ಲಿ ನಾನೊಬ್ಬಳೇ ಎಂದು ಬರೆಯಲು ಕೈ ಏಳುತ್ತಿಲ್ಲ.

ನಿನ್ನ ಪುಟ್ಟಿ